ಮೇಜಿನ ಮೇಲೆ ಬರಬೇಕಿದ್ದ ವಿಡಿಯೋ ಫೋನು

ಕಲಬುರಗಿಯ ಸರ್ಕಾರಿ ಕಚೇರಿಗಳಲ್ಲಿ ದಿನಾ ಕೇಳುವ ಮಾತು: "ಸಾಹೇಬ್ರು ವಿಸಿಯಲ್ಲಿದ್ದಾರ್ರೀ, ಆಮೇಲೆ ಬರ್ರಿ." ಆ ವಿಸಿ, ಅಂದರೆ ವಿಡಿಯೋ ಕಾನ್ಫರೆನ್ಸ್ ಕೋಣೆಗಳನ್ನು ಸಜ್ಜು ಮಾಡಿಕೊಡುವುದೇ ನನ್ನ ಕೆಲಸ. ಹಾಗಾಗಿ ಈ ತಂತ್ರಜ್ಞಾನದ ಬಗ್ಗೆ ಹಿಂದಿನವರು ಹಾಕಿದ್ದ ಲೆಕ್ಕಗಳನ್ನು ಓದುವಾಗ ನಗು ಬರುತ್ತದೆ.

ಅಮೆರಿಕದ ಎಟಿ ಅಂಡ್ ಟಿ ಎಂಬ ಫೋನ್ ಕಂಪನಿ 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಪಿಕ್ಚರ್‌ಫೋನ್ ಎಂಬ ವಿಡಿಯೋ ಫೋನು ತೋರಿಸಿತು. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಅದರ ಸೇವೆಯೂ ಶುರುವಾಯಿತು. ಬಾಡಿಗೆ ತಿಂಗಳಿಗೆ 160 ಡಾಲರ್. 1980ರ ಹೊತ್ತಿಗೆ ಹತ್ತು ಲಕ್ಷ ಸೆಟ್ ಆಗುತ್ತವೆ ಎಂದು ಕಂಪನಿ ನಂಬಿತ್ತು. ಆ ಲೆಕ್ಕ ನೆಲ ಕಚ್ಚಿತು. ದುಬಾರಿ ಎನ್ನುವುದು ಒಂದು ಕಾರಣ, ನಿಜ. ಆದರೆ ಆ ಕಡೆಯವರ ಹತ್ತಿರವೂ ಸೆಟ್ ಇರಬೇಕಲ್ವಾ? ಒಬ್ಬನೇ ತಂದಿಟ್ಟುಕೊಂಡರೆ ಯಾರ ಮುಖ ನೋಡುವುದು?

ಕಂಪ್ಯೂಟರ್ ಬಂದ ಮೇಲೆ ಆಸೆ ಮತ್ತೆ ಚಿಗುರಿತು. 1992ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಿಯು-ಸೀಮಿ, 1994ರಲ್ಲಿ ಇಂಟೆಲ್‌ನ ಪ್ರೋಶೇರ್, ಎರಡೂ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡಲು. ಇನ್ನು ಪ್ರತಿ ಮೇಜಿನ ಮೇಲೂ ಕ್ಯಾಮೆರಾ, ಊರೂರು ಓಡಾಟ ಬಂದ್ ಎಂದರು. ಪ್ರೋಶೇರ್ ಓಡುತ್ತಿದ್ದದ್ದು ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ಲೈನಿನಲ್ಲಿ. ಸೆಕೆಂಡಿಗೆ 64 ಕಿಲೋಬಿಟ್‌ನ ಎರಡು ಚಾನೆಲ್, ಒಟ್ಟು 128. ಚಿತ್ರ, ಮಾತು ಎರಡೂ ಅದರಲ್ಲೇ ತೂರಬೇಕು. ಚಿತ್ರ ಎಳೆದಾಡುತ್ತಿತ್ತು. ಚಿತ್ರ ಸುಧಾರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಮುಂದಿನ ಊಹೆ.

ಆ ಕಡೆಯವರ ಹತ್ತಿರವೂ ಸೆಟ್ ಇರಬೇಕಲ್ವಾ ಎಂಬ ಪ್ರಶ್ನೆ ಕೊನೆಗೆ ಬಗೆಹರಿದದ್ದು ಅಂಗೈಯ ಮೊಬೈಲಿನಲ್ಲಿ. ಯಾದಗಿರಿ ಕಡೆಯಿಂದ ಬೆಂಗಳೂರು, ಮುಂಬೈಗೆ ಗುಳೆ ಹೋದವರು ರಾತ್ರಿ ಶೆಡ್ಡಿನಿಂದ ಮನೆಗೆ ವಿಡಿಯೋ ಕಾಲ್ ಹಚ್ಚುತ್ತಾರೆ. ಊಹೆ ಮಾಡಿದವರ ತಲೆಯಲ್ಲಿದ್ದದ್ದು ಕಚೇರಿಯ ಮ್ಯಾನೇಜರ್. ಇವರು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಇವರನ್ನು ಗಮನಿಸಿ: ಚಿತ್ರ ನಿಂತುಹೋದರೂ ಮಾತು ಮುಂದುವರಿಸುತ್ತಾರೆ. ದನಿ ಹೋದರೆ ಮಾತ್ರ ಕಟ್ ಮಾಡಿ ಮತ್ತೆ ಹಚ್ಚುತ್ತಾರೆ.

ನನ್ನ ಕೆಲಸದಲ್ಲೂ ಜಾಸ್ತಿ ತಲೆನೋವು ದನಿಯದ್ದೇ. ನಮ್ಮಲ್ಲಿ ಶಹಾಬಾದ್ ಫರಸಿ ನೆಲ, ಬೋಳು ಗೋಡೆ. ಮಾತು ಬಡಿದು ವಾಪಸ್ ಬಂದು ಮೈಕ್ ಒಳಗೆ ನುಗ್ಗುತ್ತದೆ. ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಇನ್ನು ಫ್ಯಾನು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಎಂದರೆ ನನ್ನನ್ನೇ ಹೊರಗೆ ಕಳಿಸುತ್ತಾರೆ! ಆಗ ಮೈಕನ್ನು ಮೇಜಿನ ನಡುವಿನಿಂದ ತೆಗೆದು ಮಾತಾಡುವವರ ಬಾಯಿಯ ಹತ್ತಿರ ತರುತ್ತೇನೆ.

ಇನ್ನೊಂದು, ವಿಳಂಬ. ಮಾತು ಮುಟ್ಟಲು 150 ಮಿಲಿಸೆಕೆಂಡ್‌ವರೆಗೆ ಆದರೆ ಕಿವಿ ಸಹಿಸುತ್ತದೆ. ಭೂಮಿಯ ಜೊತೆಗೇ ಸುತ್ತುವ ಭೂಸ್ಥಿರ ಉಪಗ್ರಹದ ಮೂಲಕ ಹೋದರೆ ಸುಮಾರು 36,000 ಕಿಲೋಮೀಟರ್ ಹತ್ತಿ ಇಳಿಯಬೇಕು, ಅದಕ್ಕೇ ಕಾಲು ಸೆಕೆಂಡ್ ಬೇಕು. ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, "ನೀವೇ ಹೇಳ್ರಿ" ಎನ್ನುತ್ತಾರೆ. ಚಿತ್ರ ಎಷ್ಟೇ ಚೊಕ್ಕ ಇದ್ದರೂ ಇದು ತಪ್ಪುವುದಿಲ್ಲ.

ಹಾಗಾಗಿ ನನ್ನ ಅಂದಾಜು ಪಟ್ಟಿಯಲ್ಲಿ ಮೈಕ್ ಮೊದಲು, ಆಮೇಲೆ ಜಮಖಾನ, ಕೊನೆಗೆ ಕ್ಯಾಮೆರಾ. ಮಂಜೂರಾಗಿ ಬರುವಾಗ ಕ್ಯಾಮೆರಾ ದುಬಾರಿಯದ್ದೇ ಆಗಿರುತ್ತದೆ, ಜಮಖಾನಕ್ಕೆ ಕೆಂಪು ಗೀಟು.