ಲ್ಯಾಪ್‌ಟಾಪ್ ಎದ್ದಿತು, ವೈಫೈ ಏಳಲಿಲ್ಲ

ಮುಚ್ಚಳ ತೆರೆದ ಕೂಡಲೇ ಪರದೆ ಬೆಳಗುತ್ತದೆ. ಅರ್ಧ ಬರೆದ ಮೇಲ್ ಬಿಟ್ಟಲ್ಲೇ ಇರುತ್ತದೆ. ಮೂಲೆಯಲ್ಲಿ ವೈಫೈ ಗುರುತೂ ಕಾಣುತ್ತದೆ. ಆದರೆ ಒಂದು ಪುಟವೂ ತೆರೆಯುವುದಿಲ್ಲ. ಪಕ್ಕದಲ್ಲಿರುವ ಫೋನಿನಲ್ಲಿ ಅದೇ ವೈಫೈ ಆರಾಮಾಗಿ ಓಡುತ್ತಿರುತ್ತದೆ. ಸರಿ ಅಂತ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುತ್ತೀರಿ. ಕೆಲವೊಮ್ಮೆ ಆಗಲೂ ಅದೇ ಕಥೆ. ಆದರೆ ಮೆನುವಿನಲ್ಲಿ ರೀಸ್ಟಾರ್ಟ್ ಒತ್ತಿದರೆ ಸರಿಹೋಗಿಬಿಡುತ್ತದೆ. ಆಫ್ ಮಾಡಿ ಆನ್ ಮಾಡುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಲ್ವಾ? ವಿಂಡೋಸ್‌ನಲ್ಲಿ ಅಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ಈ ನಿದ್ದೆ ಎಂಥದ್ದು ಅಂತ ನೋಡಬೇಕು.

1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಸೇರಿ ಎಸಿಪಿಐ ಎಂಬ ನಿಯಮಾವಳಿಯನ್ನು ಹೊರತಂದವು. ಕಂಪ್ಯೂಟರ್ ಎಷ್ಟೆಷ್ಟು ಆಳದ ನಿದ್ದೆಗೆ ಹೋಗಬಹುದು ಎಂಬುದಕ್ಕೆ ಅದರಲ್ಲಿ ಮೆಟ್ಟಿಲುಗಳಿವೆ. ನಾವು ಬಹಳ ಕಾಲ ಸ್ಲೀಪ್ ಎಂದು ಕರೆದದ್ದು ಎಸ್3 ಎಂಬ ಮೆಟ್ಟಿಲನ್ನು. ಅದರಲ್ಲಿ ರ‍್ಯಾಮ್‌ಗೆ ಮಾತ್ರ ಸ್ವಲ್ಪ ಕರೆಂಟ್ ಸಿಗುತ್ತದೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ಬಂದ್. ಅದಕ್ಕೇ ಬರೆದ ಮೇಲ್ ಉಳಿಯುತ್ತದೆ. ವೈಫೈ ಚಿಪ್ ಮಾತ್ರ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲವನ್ನೂ ಮರೆಯುತ್ತದೆ.

ಈ ಚಿಪ್ಪನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅದೂ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಸ್ವಂತ ಪ್ರೊಸೆಸರ್ ಇದೆ, ಸ್ವಂತ ಮೆಮೊರಿ ಇದೆ. ಅದು ಓಡಿಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ. ಇಂದಿನ ಬಹುತೇಕ ವೈಫೈ ಚಿಪ್‌ಗಳಲ್ಲಿ ಈ ಫರ್ಮ್‌ವೇರ್ ಚಿಪ್ಪಿನೊಳಗೆ ಕಾಯಂ ಆಗಿ ಕೂತಿರುವುದಿಲ್ಲ. ಕರೆಂಟ್ ಬಂದಾಗಲೆಲ್ಲ ಲ್ಯಾಪ್‌ಟಾಪಿನ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಅದನ್ನು ಡಿಸ್ಕಿನಿಂದ ತೆಗೆದು ಚಿಪ್ಪಿಗೆ ತುಂಬಬೇಕು. ಅಂದರೆ ನೀವು ಮುಚ್ಚಳ ತೆರೆದ ಮರುಕ್ಷಣದಲ್ಲಿ ಚಿಪ್ಪಿಗೆ ಕರೆಂಟ್ ಬರಬೇಕು, ಮದರ್‌ಬೋರ್ಡಿನ ಜೊತೆ ಅದರ ಸಂಪರ್ಕ ಏಳಬೇಕು, ಫರ್ಮ್‌ವೇರ್ ತುಂಬಬೇಕು, ಗಾಳಿಯಲ್ಲಿ ಯಾವ ಯಾವ ನೆಟ್‌ವರ್ಕ್ ಇವೆ ಅಂತ ಹುಡುಕಬೇಕು, ನಿಮ್ಮ ರೂಟರ್ ಸಿಕ್ಕಿದರೆ ಪಾಸ್‌ವರ್ಡ್ ಸಾಬೀತು ಮಾಡಬೇಕು, ಕೊನೆಗೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ತನ್ನ ಗುರುತಿನ ಸಂಖ್ಯೆ, ಪಡೆಯಬೇಕು. ಇಷ್ಟೂ ಕೆಲವೇ ಸೆಕೆಂಡಿನಲ್ಲಿ ಮುಗಿಯಬೇಕು. ದಿನಾ ಮುಗಿಯುತ್ತದಲ್ಲ, ಆಶ್ಚರ್ಯ ಪಡಬೇಕಾದದ್ದು ಅದಕ್ಕೆ.

ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಕಥೆ ಇನ್ನೂ ಸಿಕ್ಕಾಗಿದೆ. ಫೋನಿನ ಹಾಗೆ ಲ್ಯಾಪ್‌ಟಾಪ್ ಕೂಡ ಮಲಗಿದ್ದಾಗಲೇ ಮೇಲ್ ತರಿಸಿಕೊಳ್ಳಲಿ ಎಂದು ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8ರ ಜೊತೆ ಹೊಸ ಬಗೆಯ ನಿದ್ದೆ ತಂದಿತು. ವಿಂಡೋಸ್ 10ರಲ್ಲಿ ಅದಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೆಸರಾಯಿತು. ಇದು ನಿಜವಾದ ನಿದ್ದೆಯಲ್ಲ, ಮಂಪರು. ಚಿಪ್ ಆಗಾಗ ಅರ್ಧ ಎದ್ದು ಮತ್ತೆ ಮಲಗುತ್ತದೆ. ಪ್ರತಿಸಲ ಏಳುವಾಗಲೂ ಡ್ರೈವರ್ ಎಡವಲು ಒಂದು ಅವಕಾಶ. ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಹೊರತೆಗೆದಾಗ ಬಿಸಿಯಾಗಿದ್ದು, ಬ್ಯಾಟರಿ ಇಳಿದಿರುವುದಕ್ಕೂ ಎಷ್ಟೋ ಸಲ ಈ ಮಂಪರೇ ಕಾರಣ. ನನ್ನನ್ನು ಕೇಳಿದರೆ, ಹಳೇ ಎಸ್3 ನಿದ್ದೆಯನ್ನು ಬೇಕೆಂದವರಿಗೆ ಉಳಿಸಬೇಕಿತ್ತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಅದು ಇಲ್ಲವೇ ಇಲ್ಲ.

ಇದು ಲ್ಯಾಪ್‌ಟಾಪ್ ಕಡೆಯ ಮಾತಾಯಿತು. ರೂಟರ್ ಏನು ಮಾಡುತ್ತಿರುತ್ತದೆ? ಲಾಡ್ಜಿನಲ್ಲಿ ರೂಮು ಮಾಡಿ, ಕೀಲಿ ಜೇಬಿಗಿಟ್ಟುಕೊಂಡು ಊರು ಸುತ್ತಲು ಹೋದವರ ಪರಿಸ್ಥಿತಿ ಲ್ಯಾಪ್‌ಟಾಪಿನದು. ವಾಪಸ್ ಬರುವಷ್ಟರಲ್ಲಿ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕಿದ್ದಾರೆ, ಬೀಗ ಬದಲಾಗಿದೆ. ರೂಟರ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು ಹತ್ತು ಸಲ, ಸರಿಯಾಗಿ ಹೇಳಬೇಕೆಂದರೆ 102.4 ಮಿಲಿಸೆಕೆಂಡಿಗೊಮ್ಮೆ, ನಾನಿಲ್ಲಿದ್ದೇನೆ ಎಂದು ಕೂಗುತ್ತಿರುತ್ತವೆ. ಸಾಕಷ್ಟು ಹೊತ್ತು ಸದ್ದೇ ಮಾಡದ ಸಾಧನವನ್ನು ಪಟ್ಟಿಯಿಂದ ತೆಗೆಯುತ್ತವೆ. ಎಲ್ಲ ಸಾಧನಗಳಿಗೂ ಹಂಚಿದ ಗುಪ್ತ ಕೀಲಿಯನ್ನು ಹಲವು ರೂಟರ್‌ಗಳು ಆಗಾಗ ಬದಲಿಸುತ್ತವೆ. ಆ ಹೊತ್ತಿನಲ್ಲಿ ಮಲಗಿದ್ದವರಿಗೆ ಹೊಸ ಕೀಲಿ ಸಿಗುವುದಿಲ್ಲ. ಒಳ್ಳೆಯ ಡ್ರೈವರ್ ಎದ್ದ ತಕ್ಷಣ ಹಳೆಯದನ್ನೆಲ್ಲ ಬಿಟ್ಟು ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ. ಕೆಟ್ಟ ಡ್ರೈವರ್ ಹಳೇ ಕೀಲಿಯನ್ನೇ ತಿರುಗಿಸುತ್ತಾ ಕೂರುತ್ತದೆ. ಗುರುತು ಇದ್ದರೂ ಪುಟ ತೆರೆಯದಿರುವುದಕ್ಕೆ ಇದೊಂದು ಕಾರಣ.

ಐಪಿ ವಿಳಾಸವೂ ಬಾಡಿಗೆಯದೇ. ವಿಳಾಸ ಹಂಚುವುದಕ್ಕೆಂದೇ ಇರುವ 1997ರ ಡಿಎಚ್‌ಸಿಪಿ ನಿಯಮದ ಪ್ರಕಾರ ಬಾಡಿಗೆ ಅವಧಿ ಅರ್ಧ ಕಳೆದಾಗ ಲ್ಯಾಪ್‌ಟಾಪ್ ಅದನ್ನು ನವೀಕರಿಸಲು ಕೇಳಬೇಕು. ಮಲಗಿದ್ದರೆ ಕೇಳುವುದು ಹೇಗೆ? ಇದರ ಜೊತೆ ನಮ್ಮ ಕರೆಂಟ್ ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಮಲಗಿದೆ, ಕರೆಂಟ್ ಹೋಗಿ ಬಂತು, ಯುಪಿಎಸ್ ಇಲ್ಲದ ರೂಟರ್ ಆಫ್ ಆಗಿ ಆನ್ ಆಯಿತು. ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬುದನ್ನು ಮರೆಯುವ ರೂಟರ್ ಆದರೆ, ಲ್ಯಾಪ್‌ಟಾಪಿನ ವಿಳಾಸವನ್ನು ಇನ್ನೊಂದು ಫೋನಿಗೆ ಕೊಟ್ಟಿರಲೂಬಹುದು. ವೈಫೈಯ 5 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಅವಕ್ಕೆ ಅಡ್ಡಿಯಾಗಬಾರದೆಂಬ ನಿಯಮ ಪಾಲಿಸುವ ರೂಟರ್, ರಾಡಾರ್ ಇಲ್ಲವೆಂದು ಖಾತ್ರಿಯಾಗಲು ಕನಿಷ್ಠ ಒಂದು ನಿಮಿಷ ಸುಮ್ನೆ ಕೇಳಿಸಿಕೊಂಡು ಆಮೇಲೆ ಮಾತಾಡುತ್ತದೆ. ಲ್ಯಾಪ್‌ಟಾಪ್ ಕೂಡ ಅಲ್ಲಿ ತಾನಾಗಿ ಕೂಗಿ ಹುಡುಕುವ ಹಾಗಿಲ್ಲ, ರೂಟರಿನ ಕೂಗಿಗೆ ಕಾಯಬೇಕು. ಹಾಗಾಗಿ ಎದ್ದ ಮೇಲೆ ನೆಟ್‌ವರ್ಕ್ ಸಿಗುವುದು ತಡವಾಗುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ಲನ್ನು 36ರಿಂದ 48ರೊಳಗೆ ಇಟ್ಟರೆ ಈ ಕಾಟ ಸಾಮಾನ್ಯವಾಗಿ ಇರುವುದಿಲ್ಲ.

ಇಷ್ಟೊಂದು ಕಡೆ ಸಿಕ್ಕಿಕೊಳ್ಳಬಹುದಾದ ಕೆಲಸಕ್ಕೆ ಕಂಡ ಕಂಡ ಬಟನ್ ಒತ್ತುವುದು ಮದ್ದಲ್ಲ. ನೆಟ್‌ವರ್ಕ್ ರೀಸೆಟ್ ಮಾಡಿ ಎಂದು ಬಹಳ ಜನ ಮೊದಲೇ ಸಲಹೆ ಕೊಡುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಅದು ನಿಮ್ಮ ನೆಟ್‌ವರ್ಕ್ ಸೆಟ್ಟಿಂಗ್‌ಗಳ ಜೊತೆ ಸುಳಿವುಗಳನ್ನೂ ಒರೆಸಿಹಾಕುತ್ತದೆ.

ಮುಂದಿನ ಸಲ ಕೈಕೊಟ್ಟಾಗ ಏನನ್ನೂ ಮುಟ್ಟದೆ ವೈಫೈ ಪಟ್ಟಿ ತೆರೆದು ನೋಡಿ. ಪಟ್ಟಿಯೇ ಖಾಲಿಯೇ? ಅಥವಾ ವೈಫೈ ಬಟನ್ನೇ ಮಾಯವೇ? ಹಾಗಾದರೆ ಚಿಪ್ ಎದ್ದಿಲ್ಲ. ರೂಟರ್ ಮುಟ್ಟಬೇಡಿ. ಪಟ್ಟಿ ಬಂದು, ಕನೆಕ್ಟ್ ಆಗಿ, ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಹಚ್ಚಿಕೊಂಡಿದೆ ಎಂದರ್ಥ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ಸಾಕು. ವಿಳಾಸ ಸರಿಯಾಗಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರಿಗೆ ಪಿಂಗ್ ಮಾಡಿ, ಅಂದರೆ ping ಎಂದು ಬರೆದು ಅದರ ವಿಳಾಸ ಹಾಕಿ ಉತ್ತರ ಬರುತ್ತದೆಯೇ ನೋಡಿ. ಬಹಳ ಮನೆಗಳಲ್ಲಿ ಅದರ ವಿಳಾಸ 192.168.1.1 ಅಥವಾ 192.168.0.1. ರೂಟರೇ ಉತ್ತರ ಕೊಡದಿದ್ದರೆ ಆ ಹಳೇ ಕೀಲಿಯ ಸಮಸ್ಯೆ ಇರಬಹುದು. ರೂಟರ್ ಉತ್ತರಿಸಿ, ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ 8.8.8.8 ಎಂಬ ವಿಳಾಸ ಉತ್ತರಿಸದಿದ್ದರೆ ಮಾತ್ರ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ಅದೂ ಉತ್ತರಿಸಿ, ವೆಬ್‌ಸೈಟ್ ಹೆಸರು ಹಾಕಿದಾಗ ತೆರೆಯದಿದ್ದರೆ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್ಎಸ್ ಕಡೆ ನೋಡಬೇಕು. ಆಫೀಸಿನ ವಿಪಿಎನ್ ಹಾಕಿಕೊಂಡೇ ಮಲಗಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ.

ಚಿಪ್ ಏಳದಿರುವುದೇ ತೊಂದರೆಯಾದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಲ್ಲಿ ಈ ಪುಟವೇ ಕಾಣದಿರಬಹುದು. ಆಗ ಉಳಿಯುವ ದಾರಿ ಡ್ರೈವರ್. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸೈಟಿನಿಂದ ಹೊಸ ಡ್ರೈವರನ್ನೂ, ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಅಪ್‌ಡೇಟನ್ನೂ ಹಾಕಿ. ತೊಂದರೆ ಶುರುವಾದದ್ದೇ ಅಪ್‌ಡೇಟ್ ಆದ ಮೇಲೆ ಅಂತಾದರೆ, ಡಿವೈಸ್ ಮ್ಯಾನೇಜರ್‌ನಲ್ಲೇ ಹಳೇ ಡ್ರೈವರಿಗೆ ವಾಪಸ್ ಹೋಗುವ ಬಟನ್ ಇದೆ.

ಇನ್ನು ಆ ಶಟ್‌ಡೌನ್ ಒಗಟು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ. ಆದರೆ ವಿಂಡೋಸ್‌ನ ತಿರುಳನ್ನೂ ಡ್ರೈವರ್‌ಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಡುತ್ತದೆ. ಮತ್ತೆ ಆನ್ ಮಾಡಿದಾಗ ಅದನ್ನೇ ಓದಿಕೊಳ್ಳುತ್ತದೆ. ಹಾಗಾಗಿ ದಾರಿ ತಪ್ಪಿದ ಡ್ರೈವರ್ ದಾರಿ ತಪ್ಪಿದ ಹಾಗೇ ಎದ್ದು ಬರಬಹುದು. ರೀಸ್ಟಾರ್ಟ್ ಹಾಗಲ್ಲ, ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಒತ್ತಿದರೂ ಪೂರ್ತಿ ಆಫ್ ಆಗುತ್ತದೆ.

ಲಿನಕ್ಸ್ ಬಳಸುವವರಿಗೆ ಸ್ವಲ್ಪ ಜಾಸ್ತಿ ಹಿಡಿತವಿದೆ. ಇಡೀ ಯಂತ್ರವನ್ನು ರೀಸ್ಟಾರ್ಟ್ ಮಾಡದೆ ವೈಫೈ ಡ್ರೈವರಿನ ಮಾಡ್ಯೂಲ್ ಒಂದನ್ನೇ ತೆಗೆದು ಮತ್ತೆ ಹಾಕಬಹುದು. ಅದರಿಂದ ಸರಿಹೋದರೆ, ಪ್ರತಿಸಲ ಎದ್ದಾಗ ತಾನಾಗಿ ಹಾಗೆ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟರೆ ಆಯಿತು. ಲಿನಕ್ಸಿನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ವೈಫೈ ಪವರ್‌ಸೇವ್ ಬೆಲೆಯನ್ನು 2 ಎಂದು ಕೊಟ್ಟರೆ ಚಿಪ್ಪಿನ ತೂಕಡಿಕೆ ನಿಲ್ಲುತ್ತದೆ.

ಇದೆಲ್ಲ ಆದ ಮೇಲೂ ಚಿಪ್ ಆಗಾಗ ಮಾಯವಾಗುತ್ತಿದ್ದರೆ ಕಾರ್ಡೇ ಸಡಿಲವಾಗಿರಬಹುದು, ಇಲ್ಲವೇ ಕೆಟ್ಟಿರಬಹುದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಹಿಂಬದಿಯ ಮುಚ್ಚಳ ತೆಗೆದು, ಆಂಟೆನಾ ತಂತಿ ಬಿಡಿಸಿ, ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಪುಟ್ಟ ಎಂ.2 ಕಾರ್ಡ್, ಬದಲಿಸಲು ಸುಲಭ. ಕೆಲವು ತೆಳು ಮಾದರಿಗಳಲ್ಲಿ ಮಾತ್ರ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅವಕ್ಕೆ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿಕೊಳ್ಳುವುದೇ ಕಡಿಮೆ ಖರ್ಚಿನ ದಾರಿ.