ಅಕ್ವಿಲಾ: ರೋಮನ್ ಲೀಜನ್ನಿನ ಹದ್ದು

ಲ್ಯಾಟಿನ್‌ನಲ್ಲಿ ಅಕ್ವಿಲಾ ಎಂದರೆ ಹದ್ದು. ಸೇನೆಯ ಮಾತಿನಲ್ಲಿ ಮಾತ್ರ ಅದು ಉದ್ದನೆಯ ಕೋಲಿನ ತುದಿಯಲ್ಲಿ ಕೂರಿಸಿದ ಲೋಹದ ಹದ್ದಿನ ಹೆಸರು. ಸುಮಾರು 5,000 ಕಾಲಾಳುಗಳ ಒಂದು ಲೀಜನ್‌ಗೆ ಇದ್ದದ್ದು ಒಂದೇ ಅಕ್ವಿಲಾ.

ಮೊದಮೊದಲು ಹದ್ದಿನ ಜೊತೆಗೆ ತೋಳ, ಮಿನೋಟಾರ್ (ಗೂಳಿತಲೆಯ ಮನುಷ್ಯ), ಕುದುರೆ, ಕಾಡುಹಂದಿಗಳೂ ಸೇನೆಯ ಲಾಂಛನಗಳಾಗಿದ್ದವು. ಕ್ರಿ.ಪೂ. 104ರಲ್ಲಿ ಸೇನಾನಿ ಗಾಯಸ್ ಮಾರಿಯಸ್ ಅವುಗಳನ್ನು ಕೈಬಿಟ್ಟು ಹದ್ದೊಂದನ್ನೇ ಲೀಜನ್ನಿಗೆ ಗೊತ್ತುಮಾಡಿದ ಎನ್ನುತ್ತಾನೆ ರೋಮನ್ ಲೇಖಕ ಪ್ಲಿನಿ. ಹದ್ದು ದೇವರಾಜ ಜುಪಿಟರನ ಪಕ್ಷಿ; ಲೀಜನ್ನಿನ ಹದ್ದು ರೆಕ್ಕೆ ಎತ್ತಿ, ಉಗುರುಗಳಲ್ಲಿ ಅವನ ಸಿಡಿಲನ್ನು ಹಿಡಿದಿರುವುದು ಅದಕ್ಕೇ. ಗಣರಾಜ್ಯದ ಕಾಲದಲ್ಲಿ ಬೆಳ್ಳಿಯದು, ಚಕ್ರವರ್ತಿಗಳ ಕಾಲಕ್ಕೆ ಚಿನ್ನದ್ದು ಅಥವಾ ಚಿನ್ನದ ಲೇಪದ್ದು.

ಹೊರುವವನು ಅಕ್ವಿಲಿಫರ್. ಕಾಪಾಡುವ ಹೊಣೆ ಲೀಜನ್ನಿನ ಮೊದಲ ಕೊಹಾರ್ಟ್‌ನದು, ಅಂದರೆ ಮೊದಲ ದಳದ್ದು. ಶಿಬಿರದಲ್ಲಿ ಅದಕ್ಕೆಂದೇ ಗುಡಿಯಿರುತ್ತಿತ್ತು, ಪೂಜೆ ಸಲ್ಲುತ್ತಿತ್ತು. ಲೀಜನ್ನಿನ ಒಂದು ತುಕಡಿ ಮಾತ್ರ ಬೇರೆಡೆಗೆ ಹೊರಟರೆ ವೆಕ್ಸಿಲಮ್ ಎಂಬ ಬಟ್ಟೆಯ ಧ್ವಜ ಒಯ್ಯುತ್ತಿತ್ತು. ಹದ್ದು ಲೀಜನ್ನಿನ ಜೊತೆಗೇ ಉಳಿಯುತ್ತಿತ್ತು.

ಹದ್ದು ಶತ್ರುವಿನ ಪಾಲಾದರೆ ಅದು ಇಡೀ ರಾಜ್ಯಕ್ಕೇ ಅವಮಾನ. ಕ್ರಿ.ಪೂ. 53ರಲ್ಲಿ ಕಾರ್ರೆಯ ಕದನದಲ್ಲಿ ರೋಮನ್ ಸೇನಾನಿ ಕ್ರಾಸಸ್ ಪಾರ್ಥಿಯನ್ನರಿಗೆ (ಪರ್ಷಿಯಾ ಆಳುತ್ತಿದ್ದವರು) ಕಳೆದುಕೊಂಡ ಹದ್ದುಗಳನ್ನು ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 20ರಲ್ಲಿ ಯುದ್ಧವಿಲ್ಲದೆ, ಮಾತುಕತೆಯಿಂದಲೇ ಅವರಿಂದ ಮರಳಿ ಪಡೆದ. ರೋಮಿನ ಬಳಿಯ ಪ್ರಿಮಾ ಪೋರ್ಟಾದಲ್ಲಿ ಸಿಕ್ಕ ಅಗಸ್ಟಸನ ಶಿಲ್ಪದ ಎದೆಕವಚದ ನಡುವೆ ಕೆತ್ತಿರುವುದು ಇದೇ ದೃಶ್ಯ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ಮೂರು ಲೀಜನ್‌ಗಳು ನಾಶವಾದವು. ಅವುಗಳ ಕೊನೆಯ ಹದ್ದು ಕೈಸೇರಿದ್ದು ಕ್ರಿ.ಶ. 41ರಲ್ಲಿ. ಆದರೆ 17, 18, 19 ಎಂಬ ಆ ಸಂಖ್ಯೆಗಳನ್ನು ಮುಂದೆ ಯಾವ ಲೀಜನ್‌ಗೂ ಇಡಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಕಾಣುವ ರೋಮನ್ ಹದ್ದುಗಳನ್ನೆಲ್ಲ ಅಕ್ವಿಲಾ ಎಂದು ಕರೆಯುವುದು ತಪ್ಪು. ಲೀಜನ್ನಿನದೆಂದು ಖಚಿತವಾಗಿ ಹೇಳಬಹುದಾದ ಹದ್ದು ಒಂದೂ ಉಳಿದಿಲ್ಲ. ಇಂಗ್ಲೆಂಡಿನ ಸಿಲ್ಚೆಸ್ಟರ್‌ನಲ್ಲಿ 1866ರಲ್ಲಿ ಸಿಕ್ಕ ಕಂಚಿನ ಹದ್ದನ್ನು ಮೊದಲು ಲೀಜನ್ನಿನದೆಂದೇ ನಂಬಿದ್ದರು. ಆದರೆ ಅದು ಸಿಕ್ಕಿದ್ದು ಶಿಬಿರದಲ್ಲಲ್ಲ, ಊರಿನ ಸಾರ್ವಜನಿಕ ಕಟ್ಟಡದಲ್ಲಿ. ಪಾದಗಳ ಬಾಗು ನೋಡಿದರೆ ಗೋಳವನ್ನು ಹಿಡಿದಿದ್ದಂತಿದೆ. ಜುಪಿಟರ್ ಅಥವಾ ಚಕ್ರವರ್ತಿಯ ಪ್ರತಿಮೆಯ ಭಾಗವಾಗಿರುವ ಸಂಭವವೇ ಹೆಚ್ಚು.

ಸಾವಿನ ಸಂದರ್ಭದ ಹದ್ದು ಇನ್ನೊಂದು ಬಗೆ. ಚಕ್ರವರ್ತಿಯ ಚಿತೆಯಿಂದ ಹದ್ದನ್ನು ಹಾರಿಬಿಡುತ್ತಿದ್ದರು. ಅದು ಅವನ ಆತ್ಮವನ್ನು ದೇವತೆಗಳ ಬಳಿಗೆ ಒಯ್ಯುತ್ತದೆಂಬ ನಂಬಿಕೆ. ರೋಮಿನ ಟೈಟಸ್ ಕಮಾನಿನ ಒಳಚಾವಣಿಯಲ್ಲಿ ಚಕ್ರವರ್ತಿ ಟೈಟಸ್ ಹದ್ದಿನ ಮೇಲೇರಿ ಹೋಗುತ್ತಿದ್ದಾನೆ. ಲಂಡನ್ನಿನ ಮೈನರೀಸ್‌ನಲ್ಲಿ 2013ರಲ್ಲಿ ಸಿಕ್ಕ, ಹಾವನ್ನು ಕೊಕ್ಕಿನಲ್ಲಿ ಕಚ್ಚಿದ ಸುಣ್ಣಕಲ್ಲಿನ ಹದ್ದೂ ಸಮಾಧಿಯೊಂದರದೇ. ಅದಕ್ಕೆ ಸೇನೆಯ ನಂಟು ಹುಡುಕಬೇಕಿಲ್ಲ.