ಟಿವಿ ಪಕ್ಕದ ಗೇಮಿಂಗ್ ಪಿಸಿ: ಗ್ರಾಫಿಕ್ಸ್ ಕಾರ್ಡಿನ ಸದ್ದು ಇಳಿಸುವ ಬಗೆ

ಹಾಲ್‌ನಲ್ಲಿ ಟಿವಿಗೆ ಜೋಡಿಸಿದ ಗೇಮಿಂಗ್ ಪಿಸಿಯ ಸದ್ದು ಹಗಲು ಹೊತ್ತು ಯಾರ ಕಿವಿಗೂ ಬೀಳುವುದಿಲ್ಲ. ಮೇಲೆ ಸೀಲಿಂಗ್ ಫ್ಯಾನ್, ಒಳಗೆ ಮಿಕ್ಸಿ, ಹೊರಗೆ ರಸ್ತೆ. ರಾತ್ರಿ ಎಸಿ ಹಾಕಿ ಫ್ಯಾನ್ ಆರಿಸಿದಾಗ, ಇಲ್ಲವೇ ಡಿಸೆಂಬರ್ ಚಳಿಗೆ ಫ್ಯಾನೇ ಬೇಡವಾದಾಗ ಗೊತ್ತಾಗುತ್ತದೆ ಅದು ಎಷ್ಟು ಕೂಗುತ್ತಿದೆ ಎಂದು. ಟೈಲ್ಸ್ ನೆಲ, ಬೋಳು ಗೋಡೆಯ ಹಾಲ್‌ಗಳಲ್ಲಿ ಸದ್ದನ್ನು ಹೀರುವ ವಸ್ತುವೂ ಕಡಿಮೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ವೇಗ ತಗ್ಗಿಸುವುದು. ಅರ್ಧ ಗಂಟೆಯಲ್ಲಿ ಕಾರ್ಡ್ 85 ಡಿಗ್ರಿಗೆ ಹತ್ತುತ್ತದೆ, ಆಟ ತಡವರಿಸುತ್ತದೆ, ಮತ್ತೆ ಎಲ್ಲ ಮೊದಲಿನಂತೆ. ಫ್ಯಾನ್ ಕೂಗುತ್ತಿರುವುದು ಒಳಗೆ ಬಿಸಿ ಇರುವುದರಿಂದ. ಮೊದಲು ಇಳಿಯಬೇಕಾದದ್ದು ವ್ಯಾಟ್.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಫ್ಯಾನನ್ನು 2000 ಆರ್‌ಪಿಎಂನಿಂದ 1500ಕ್ಕೆ ಇಳಿಸಿದರೆ ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತದೆ. ಕಿವಿಗೆ ಇದು ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸ. ಆದರೆ ಗಾಳಿಯೂ ಕಾಲು ಭಾಗ ಕಡಿಮೆಯಾಗುತ್ತದೆ. ಆದ್ದರಿಂದ ಕಾರ್ಡ್ ಉಗುಳುವ ಶಾಖವನ್ನೂ ಹೆಚ್ಚುಕಡಿಮೆ ಅಷ್ಟೇ ಇಳಿಸಬೇಕು. ಕಾಸು ಖರ್ಚಿಲ್ಲದೆ ಅದಕ್ಕಿರುವ ದಾರಿ ಅಂಡರ್‌ವೋಲ್ಟಿಂಗ್, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ತಗ್ಗಿಸುವುದು.

ಚಿಪ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಂಪನಿಗಳು ತಮ್ಮ ಅತಿ ದುರ್ಬಲ ಚಿಪ್ಪೂ ನಿಲ್ಲುವಂತೆ ಎಲ್ಲ ಕಾರ್ಡಿಗೂ ಸ್ವಲ್ಪ ಹೆಚ್ಚೇ ವೋಲ್ಟೇಜ್ ಕೊಟ್ಟಿರುತ್ತವೆ. ಆ ಹೆಚ್ಚುವರಿಯನ್ನು ನಾವು ವಾಪಸ್ ಪಡೆಯುವುದು, ಅಷ್ಟೆ. ಎನ್ವಿಡಿಯಾದ 220 ವ್ಯಾಟ್‌ನ ಆರ್‌ಟಿಎಕ್ಸ್ 3070 ಕಾರ್ಡನ್ನೇ ತೆಗೆದುಕೊಳ್ಳಿ. 1.05 ವೋಲ್ಟ್ ಆಸುಪಾಸಿನಲ್ಲಿ ಓಡುವ ಚಿಪ್ಪನ್ನು 0.875ಕ್ಕೆ ತಂದರೆ ವರ್ಗದ ಲೆಕ್ಕದಲ್ಲಿ ಶೇ 30ರಷ್ಟು ಉಳಿತಾಯ. ಮೆಮೊರಿ, ಫ್ಯಾನ್ ಮುಂತಾದವಕ್ಕೆ ಈ ಲಾಭ ಇಲ್ಲವಾದ್ದರಿಂದ ಇಡೀ ಕಾರ್ಡಿನ ಇಳಿಕೆ ಇದಕ್ಕಿಂತ ಕಡಿಮೆ. ಆದರೂ 40-50 ವ್ಯಾಟ್ ಇಳಿಯುವುದು ಅಪರೂಪವೇನಲ್ಲ. ಆಟದಲ್ಲಿ ಕಳೆದುಕೊಳ್ಳುವುದು ಸೆಕೆಂಡಿಗೆ ನಾಲ್ಕಾರು ಫ್ರೇಮ್ (ತೆರೆಯ ಮೇಲಿನ ಚಿತ್ರ).

ಕಾರ್ಡಿನ ಸೆಟ್ಟಿಂಗ್ ಬದಲಿಸುವ ತಂತ್ರಾಂಶ ಎಂಎಸ್‌ಐ ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ. ವೋಲ್ಟೇಜ್-ಫ್ರೀಕ್ವೆನ್ಸಿ ಗೆರೆ ಕಾಣುತ್ತದೆ. ಮುಖ್ಯ ಕಿಟಕಿಯಲ್ಲಿ ಕೋರ್ ಕ್ಲಾಕನ್ನು ಮೈನಸ್ 200ಕ್ಕೆ ಎಳೆದು ಅಪ್ಲೈ ಮಾಡಿ, ಇಡೀ ಗೆರೆ ಕೆಳಗೆ ಕೂರುತ್ತದೆ. ಈಗ 875 ಮಿಲಿವೋಲ್ಟ್ ಚುಕ್ಕೆಯೊಂದನ್ನೇ ಹಿಡಿದು 1800 ಮೆಗಾಹರ್ಟ್ಸ್‌ಗೆ ಎತ್ತಿ ಮತ್ತೆ ಅಪ್ಲೈ ಕೊಡಿ. ಅದರ ಬಲಗಡೆಯ ಚುಕ್ಕೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಗೆರೆ ಸಪಾಟಾಗಬೇಕು. ಬಲಗಡೆ ಒಂದು ಚುಕ್ಕೆ ಮೇಲೆ ಉಳಿದರೂ ಕಾರ್ಡ್ ಅಲ್ಲಿಗೇ ಓಡುತ್ತದೆ, ಪಟ್ಟ ಶ್ರಮ ವ್ಯರ್ಥ. ಮೊದಲ ದಿನವೇ ಪ್ರೊಫೈಲನ್ನು ವಿಂಡೋಸ್ ಜೊತೆ ತಾನಾಗಿ ಶುರುವಾಗುವಂತೆ ಇಡಬೇಡಿ. ಒಂದು ವಾರ ನೀವು ನಿಜವಾಗಿ ಆಡುವ ಆಟಗಳಲ್ಲೇ ಪರೀಕ್ಷಿಸಿ. ಬೆಂಚ್‌ಮಾರ್ಕ್‌ನಲ್ಲಿ ಗಟ್ಟಿಯಾಗಿ ನಿಂತ ಸೆಟ್ಟಿಂಗ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಬಿಡಿಸುವ ವಿಧಾನ) ಇರುವ ಆಟದಲ್ಲಿ ಬೀಳುವುದುಂಟು. ಆಟ ಡೆಸ್ಕ್‌ಟಾಪ್‌ಗೆ ಎಸೆದರೆ 15 ಮೆಗಾಹರ್ಟ್ಸ್ ಇಳಿಸಿ ನೋಡಿ, ಮತ್ತೂ ಬಿದ್ದರೆ ವೋಲ್ಟೇಜನ್ನು ಒಂದು ಮೆಟ್ಟಿಲು ಏರಿಸಿ. ಎಎಂಡಿ ಕಾರ್ಡಿನವರಿಗೆ ಅಡ್ರಿನಲಿನ್ ತಂತ್ರಾಂಶದ ಟ್ಯೂನಿಂಗ್ ಪುಟದಲ್ಲೇ ವೋಲ್ಟೇಜ್ ಸ್ಲೈಡರ್ ಇದೆ. ಇಷ್ಟು ತಲೆನೋವು ಬೇಡ ಎನ್ನುವವರು ಪವರ್ ಲಿಮಿಟನ್ನು, ಅಂದರೆ ಕಾರ್ಡ್ ಎಳೆಯಬಹುದಾದ ವ್ಯಾಟ್‌ನ ಮಿತಿಯನ್ನು, ಶೇ 75-80ಕ್ಕೆ ಇಳಿಸಿ ಸುಮ್ಮನಿರಬಹುದು. ಅದೂ ಒಳ್ಳೆಯ ಉಪಾಯವೇ.

ಫ್ರೇಮ್ ಮಿತಿಯನ್ನು ಮಾತ್ರ ಯಾರೂ ಬಿಡಬಾರದು. ಟಿವಿ 60 ಹರ್ಟ್ಸ್‌ನದಾಗಿದ್ದರೆ ಕಾರ್ಡ್ 110 ಫ್ರೇಮ್ ಬಿಡಿಸಿ ಏನು ಪ್ರಯೋಜನ? ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಮ್ಯಾಕ್ಸ್ ಫ್ರೇಮ್ ರೇಟ್‌ನಲ್ಲಿ 60 ಎಂದು ಕೊಡಿ. ಕಾರ್ಡಿನ ಫ್ರೇಮ್ ವೇಗಕ್ಕೆ ತಾನೇ ಹೊಂದಿಕೊಳ್ಳುವ ವಿಆರ್‌ಆರ್ ಸೌಲಭ್ಯ ಇರುವ 120 ಹರ್ಟ್ಸ್ ಟಿವಿಯಲ್ಲಿ 80ಕ್ಕೆ ಕಟ್ಟಿದರೂ ಕಥಾಪ್ರಧಾನ ಆಟಗಳು ನಯವಾಗಿಯೇ ಸಾಗುತ್ತವೆ. ‘ಕೀಂಯ್’ ಎನ್ನುವ ಕಾಯಿಲ್ ವೈನ್‌ಗೂ ಇದೇ ಮದ್ದು. ಆ ಸದ್ದು ಫ್ಯಾನಿನದಲ್ಲ. ವಿದ್ಯುತ್ ಹರಿವು ಏರಿಳಿದಂತೆ ಕಾರ್ಡಿನ ಇಂಡಕ್ಟರ್ ಸುರುಳಿಗಳು ಅದುರುವುದರಿಂದ ಬರುವಂಥದ್ದು. ಮಿತಿಯಿಲ್ಲದ ಆಟದ ಮೆನುವಿನಲ್ಲಿ ಫ್ರೇಮ್ ನೂರಾರು ದಾಟುವಾಗ ಅದು ಕಿವಿ ಕೊರೆಯುವಷ್ಟಾಗುತ್ತದೆ.

ಇನ್ನು ಪಿಸಿ ಕೂತಿರುವ ಜಾಗ. ಟಿವಿ ಯೂನಿಟ್‌ನ ಕೆಳಗಿನ ಗೂಡು, ಮುಂದೆ ಗಾಜಿನ ಬಾಗಿಲು, ಹಿಂದೆ ವೈರ್ ಹೋಗುವಷ್ಟೇ ತೂತು: ಎಷ್ಟೋ ಮನೆಗಳಲ್ಲಿ ಇದೇ ವ್ಯವಸ್ಥೆ. ಇಲ್ಲಿ ಕಾರ್ಡ್ ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿರುತ್ತದೆ. ಗೂಡಿನ ಗಾಳಿ 10 ಡಿಗ್ರಿ ಏರಿದರೆ ಕಾರ್ಡೂ ಹೆಚ್ಚುಕಡಿಮೆ 10 ಡಿಗ್ರಿ ಏರುತ್ತದೆ. ಪರೀಕ್ಷೆ ಸುಲಭ. 20 ನಿಮಿಷ ಆಡಿ ಉಷ್ಣಾಂಶ ಮತ್ತು ಫ್ಯಾನ್ ವೇಗ ಬರೆದುಕೊಳ್ಳಿ. ಪಿಸಿಯನ್ನು ಗೂಡಿನಿಂದ ಹೊರಗೆಳೆದು ಅದೇ ಆಟವನ್ನು ಅಷ್ಟೇ ಹೊತ್ತು ಆಡಿ. ಆಮೇಲೆ ಕೇಸಿನ ಪಕ್ಕದ ಬಾಗಿಲು ತೆಗೆದು ಇನ್ನೊಮ್ಮೆ. ಮೊದಲ ಬದಲಾವಣೆಗೇ 5 ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಗೂಡಿನದು, ಬಡಗಿಯನ್ನು ಕರೆದು ಹಿಂಬದಿಯ ಹಲಗೆ ತೆಗೆಸಿ. ಎರಡನೆಯದಕ್ಕೆ ಇಳಿದರೆ ಕೇಸಿಗೆ ಗಾಳಿ ಸಾಲದು, ಕಾರ್ಡಿನ ಕೆಳಗೆ ಅಥವಾ ಮುಂದೆ ನಿಧಾನವಾಗಿ ತಿರುಗುವ 120 ಅಥವಾ 140 ಮಿಲಿಮೀಟರ್ ಫ್ಯಾನ್ ಬೇಕು. ಎರಡಕ್ಕೂ ಜಗ್ಗದಿದ್ದರೆ ಕಾರ್ಡನ್ನೇ ನೋಡಬೇಕು. ಅಂದಹಾಗೆ, ಪ್ಲೈವುಡ್ ಯೂನಿಟ್ ತಂಬೂರಿಯ ಬುರುಡೆಯಂತೆ ಗುಂಯ್‌ಗುಡುತ್ತಿದ್ದರೆ ಹಳೆಯ ಯೋಗ ಮ್ಯಾಟಿನ ನಾಲ್ಕು ತುಂಡುಗಳನ್ನು ಕೇಸಿನ ಪಾದಗಳ ಕೆಳಗೆ ಮಾತ್ರ ಇಡಿ. ಇಡೀ ಮ್ಯಾಟ್ ಹಾಸಿದರೆ ತಳದ ಗಾಳಿ ಕಟ್ಟುತ್ತದೆ.

ಕಾರ್ಡಿನ ಒಳಗೆ ಮೊದಲ ಶತ್ರು ಧೂಳು. ಫ್ಯಾನ್ ರೆಕ್ಕೆಯ ಮೇಲೆ ಕಾಣುವ ಧೂಳು ಅಷ್ಟೇನೂ ತೊಂದರೆಯದಲ್ಲ. ಫ್ಯಾನ್ ಮತ್ತು ಚಿಪ್ಪಿನ ಶಾಖ ಹೀರುವ ಲೋಹದ ಹೀಟ್‌ಸಿಂಕ್ ನಡುವೆ, ಅದರ ತೆಳು ಪಟ್ಟಿಗಳಾದ ಫಿನ್‌ಗಳ ತುದಿಯಲ್ಲಿ ಬೂದು ಬಣ್ಣದ ಕಂಬಳಿಯಂತೆ ಹೆಣೆದುಕೊಳ್ಳುತ್ತದಲ್ಲ, ಅದು ಹೊರಗಿನಿಂದ ಕಾಣುವುದೇ ಇಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ರೆಕ್ಕೆಗಳ ಸಂದಿಯಲ್ಲಿ ಇಣುಕಿ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಿ, ಬಿಟ್ಟರೆ ಅದು ಮಿತಿಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಯಾವುದೋ ಒಂದು ವೇಗದಲ್ಲಿ ಮಾತ್ರ ‘ಕಟಕಟ’ ಎನ್ನುವ ಫ್ಯಾನಿನ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಕೆಲವು ವಾರ ಸುಮ್ಮನಿರಬಹುದು, ಆದರೆ ಫ್ಯಾನಿನ ನಡುವಿನ ಸ್ಟಿಕರ್ ಮೇಲಿನ ಮಾದರಿ ಸಂಖ್ಯೆ ನೋಡಿ ಹೊಸದು ತರಿಸುವುದೇ ಸರಿ.

ಉಷ್ಣಾಂಶ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಕೋರ್ ಮತ್ತು ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಉಷ್ಣಾಂಶಗಳ ನಡುವಿನ ಅಂತರ ನೋಡಿ. 10-15 ಡಿಗ್ರಿ ಸಹಜ. 25 ದಾಟಿದ್ದರೆ ಚಿಪ್ಪು ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಚಿಪ್ಪಿನ ಅಂಚಿಗೆ ಜಾರಿದೆ. ಬದಲಿಸುವಾಗ, ಮೆಮೊರಿ ಮುಂತಾದವುಗಳ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡಿನ ದಪ್ಪ ತಪ್ಪಬಾರದು. 1.5 ಮಿಲಿಮೀಟರ್ ಇದ್ದಲ್ಲಿ 2 ಹಾಕಿದರೆ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂರದೆ ಉಷ್ಣಾಂಶ ಮೊದಲಿಗಿಂತ ಏರುತ್ತದೆ. ಕೈ ಹಾಕುವ ಮುನ್ನ ವಾರಂಟಿ ಉಳಿದಿದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ಫ್ಯಾನ್ ಕರ್ವ್, ಅಂದರೆ ಯಾವ ಉಷ್ಣಾಂಶಕ್ಕೆ ಫ್ಯಾನ್ ಎಷ್ಟು ವೇಗ ಎಂದು ಹೇಳುವ ಗೆರೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ. ಆದ್ದರಿಂದ ಕರ್ವ್‌ನಲ್ಲಿ ಉದ್ದನೆಯ ಸಪಾಟು ಭಾಗ ಬೇಕು. 50 ಡಿಗ್ರಿಯವರೆಗೆ ಶೇ 30, 60ರಿಂದ 72ರವರೆಗೆ ಕದಲದೆ ಶೇ 40, 78ಕ್ಕೆ 55, 85ಕ್ಕೆ 100. ಆಫ್ಟರ್‌ಬರ್ನರ್ ಸೆಟ್ಟಿಂಗ್ಸ್‌ನ ಫ್ಯಾನ್ ಪುಟದಲ್ಲಿ ಹಿಸ್ಟರಿಸಿಸನ್ನು 5 ಡಿಗ್ರಿ ಇಡಿ, ಉಷ್ಣಾಂಶ ಒಂದೆರಡು ಡಿಗ್ರಿ ಇಳಿದ ಮಾತ್ರಕ್ಕೆ ಫ್ಯಾನ್ ವೇಗ ಇಳಿಸುವುದಿಲ್ಲ. ವಿಡಿಯೋ ನೋಡುವಾಗ ನಿಂತ ಫ್ಯಾನ್ ಮತ್ತೆ ಮತ್ತೆ ‘ಗರ್’ ಎಂದು ಏಳುತ್ತಿದ್ದರೆ ಕಾರ್ಡ್ ತಣ್ಣಗಿದ್ದಾಗ ಫ್ಯಾನ್ ನಿಲ್ಲಿಸುವ ಜೀರೋ ಆರ್‌ಪಿಎಂ ಸೌಲಭ್ಯವನ್ನು ಆಫ್ ಮಾಡಿ, ಸದಾ ಕನಿಷ್ಠ ವೇಗದಲ್ಲಿ ತಿರುಗಲು ಬಿಡುವುದೇ ವಾಸಿ.

ಇದಕ್ಕೂ ಮುಂದಿನ ಹೆಜ್ಜೆ ಡಿಶ್ರೌಡ್: ಕಾರ್ಡಿನ ಪ್ಲಾಸ್ಟಿಕ್ ಕವಚ, ಸಣ್ಣ ಫ್ಯಾನ್‌ಗಳನ್ನು ತೆಗೆದು ಎರಡು 120 ಮಿಲಿಮೀಟರ್ ಫ್ಯಾನ್‌ಗಳನ್ನು ಜಿಪ್ ಟೈನಿಂದ ಹೀಟ್‌ಸಿಂಕ್‌ಗೆ ಕಟ್ಟುವುದು. ಕಾರ್ಡಿನ ಸಣ್ಣ ನಾಲ್ಕು ಪಿನ್ ಕನೆಕ್ಟರಿನಿಂದ ಸಾಮಾನ್ಯ ಪಿಡಬ್ಲ್ಯುಎಂ (ನಾಲ್ಕು ಪಿನ್‌ನ, ವೇಗ ನಿಯಂತ್ರಿಸಬಹುದಾದ) ಫ್ಯಾನಿಗೆ ಅಡಾಪ್ಟರ್ ಕೇಬಲ್ ಸಿಗುತ್ತದೆ. ಫ್ಯಾನಿನ ದಪ್ಪ 25 ಮಿಲಿಮೀಟರ್, ಒಂದು ಸ್ಲಾಟ್‌ನ ಅಗಲ ಸುಮಾರು 20. ಕೆಳಗೆ ಅಷ್ಟು ಜಾಗವಿದ್ದು, ಫ್ಯಾನ್ ಮತ್ತು ಕೇಸಿನ ತಳದ ನಡುವೆ ಗಾಳಿ ಎಳೆಯಲು ಇನ್ನೂ ಎರಡು ಬೆರಳಷ್ಟು ಉಳಿಯಬೇಕು. ಇಲ್ಲದಿದ್ದರೆ 15 ಮಿಲಿಮೀಟರಿನ ತೆಳು ಫ್ಯಾನ್ ನೋಡಿ. ಕೆಲವು ಕಾರ್ಡುಗಳಲ್ಲಿ ಹೀಟ್‌ಸಿಂಕನ್ನು ಬಿಚ್ಚದೆ ಕವಚ ಬರುವುದೇ ಇಲ್ಲ. ಅದೇ ಮಾದರಿಯನ್ನು ಬಿಚ್ಚಿದ ಚಿತ್ರ ನೋಡಿಕೊಂಡು, ಪೇಸ್ಟ್ ಪ್ಯಾಡ್ ತಂದಿಟ್ಟುಕೊಂಡೇ ಸ್ಕ್ರೂಡ್ರೈವರ್ ಹಿಡಿಯಿರಿ.

ಜನವರಿಯಲ್ಲಿ ಮಾಡಿದ ಕರ್ವ್ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಹೊರಗೆ 40 ದಾಟಿದಾಗ ಹಾಲ್ ಒಳಗೂ 35ರ ಸುತ್ತ ಇರುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಐದು ಪ್ರೊಫೈಲ್‌ಗೆ ಜಾಗವಿದೆ. ಎರಡನೆಯದರಲ್ಲಿ 825 ಮಿಲಿವೋಲ್ಟ್, 1650 ಮೆಗಾಹರ್ಟ್ಸ್‌ನಂಥ ಬೇಸಿಗೆಯ ಸೆಟ್ಟಿಂಗ್ ಈಗಲೇ ಪರೀಕ್ಷಿಸಿ ಉಳಿಸಿಡಿ. ಯುಗಾದಿ ಹೊತ್ತಿಗೆ ಒಂದು ಗುಂಡಿ ಒತ್ತಿದರಾಯಿತು.